ಜಿನೀವಾದ ಮಗು, ಬಸರಾಳಿನ ಕೂಸು

ಜೀನ್ ಪಿಯಾಜೆ ಯಾರೆಂದು ಬಸರಾಳು ಹೋಬಳಿಯಲ್ಲಿ ವಿಚಾರಿಸಿದರೆ ಗೊತ್ತಿದ್ದವರು ಸಿಗಲಾರರು ಎಂದು ಪೇಟೆಯವರು ಅಂದುಕೊಳ್ಳಬಹುದು. ಹಾಗೇನಿಲ್ಲ. ಡಿ.ಇಡಿ ಮಾಡಿದವರು, ಬಿ.ಇಡಿ ಮುಗಿಸಿದವರು, ಮುಗಿಸಿ ವರ್ಷಗಳಾದರೂ ಟಿಇಟಿ ಗೈಡ್ ಕೆಳಗಿಡದವರು, ಒಂದು ಕೈಯಲ್ಲಿ ಮಗುವಿಗೆ ತುತ್ತು ಕೊಡುತ್ತ ಇನ್ನೊಂದರಲ್ಲಿ ಪುಟ ತಿರುವುವವರು, ಇವರಿಗೆಲ್ಲ ಸ್ವಿಟ್ಜರ್ಲೆಂಡಿನ ಆ ಪಂಡಿತ ಚೆನ್ನಾಗಿ ಗೊತ್ತು. ಸಂವೇದನಾ ಗತಿ ಹಂತ, ಪೂರ್ವ ಕಾರ್ಯಾಚರಣೆಯ ಹಂತ, ಮೂರ್ತ ಕಾರ್ಯಾಚರಣೆಯ ಹಂತ, ಔಪಚಾರಿಕ ಕಾರ್ಯಾಚರಣೆಯ ಹಂತ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸಾಲಾಗಿ ಹೇಳುತ್ತಾರೆ. ಹೇಳಲೇಬೇಕು. ಶಿಕ್ಷಕರ ಅರ್ಹತಾ ಪರೀಕ್ಷೆಯ 150 ಅಂಕಗಳಲ್ಲಿ 30 ಅಂಕ ‘ಶಿಶು ವಿಕಸನ ಮತ್ತು ಬೋಧನಾ ಶಾಸ್ತ್ರ’ಕ್ಕೆ ಮೀಸಲು. ಸಾಮಾನ್ಯ ವರ್ಗದವರು ತೇರ್ಗಡೆಯಾಗಲು 90 ಅಂಕ ಬೇಕು. ಪಿಯಾಜೆ, ವೈಗೋಟ್ಸ್‌ಕಿ, ಕೋಲ್‌ಬರ್ಗ್ ಎಂಬ ಮೂವರನ್ನು ಬಿಟ್ಟು ಆ ಗೆರೆ ದಾಟುವುದು ಕಷ್ಟ.

ಮಂಡ್ಯದಿಂದ ಸುಮಾರು 25 ಕಿಲೋಮೀಟರ್ ದೂರದ ಬಸರಾಳಿನಂಥ ಊರಿನಲ್ಲಿ ಮನೋವಿಜ್ಞಾನ ಓದುವುದೆಂದರೆ ಸದ್ಯಕ್ಕೆ ಬಹುಮಟ್ಟಿಗೆ ಇದೇ. ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಮನುಷ್ಯ ಹುಟ್ಟಿನಿಂದ ಮುಪ್ಪಿನವರೆಗೆ ಹೇಗೆ ಬೆಳೆಯುತ್ತಾನೆ ಎಂಬ ವಿದ್ಯೆ ಇಲ್ಲಿ ಬೇರೊಂದು ವಿದ್ಯೆಯ ಬೆನ್ನೇರಿ ಬರುತ್ತದೆ. ಅದು ಮೇಷ್ಟರಾಗುವವರಿಗೆ ಬೇಕಾದ 30 ಅಂಕ ಅಷ್ಟೆ. ಸ್ವತಂತ್ರ ವಿಷಯವಾಗಿ ಓದಬೇಕೆಂದರೆ ಮೈಸೂರಿನ ಮಹಾರಾಜ, ಮಹಾರಾಣಿ ಕಾಲೇಜುಗಳ ದಾರಿ ಹಿಡಿಯಬೇಕು, ಇಲ್ಲವೇ ಬೆಂಗಳೂರು. ಹಳ್ಳಿಗಾಡಿನ ಹೆಚ್ಚಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿ.ಎ. ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಮತ್ತು ಐಚ್ಛಿಕ ಕನ್ನಡ.

ಅಮೆರಿಕದಲ್ಲಿ ಈ ಜಾಗವನ್ನು ತುಂಬಿದ್ದು ಸಮುದಾಯ ಕಾಲೇಜುಗಳು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬಲ್ಲಿ ಶುರುವಾದ ಈ ಬಗೆಯ ಕಾಲೇಜುಗಳಲ್ಲಿ ನರ್ಸ್ ಆಗುವವರು, ಶಿಶುವಿಹಾರ ನಡೆಸುವವರು, ಕೆಲಸ ಮುಗಿಸಿ ಸಂಜೆ ತರಗತಿಗೆ ಬರುವ ಗೃಹಿಣಿಯರು ಎಲ್ಲರೂ ಮನೋವಿಜ್ಞಾನದ ಮೊದಲ ಪಾಠ ಮತ್ತು ಮಾನವ ವಿಕಾಸದ ಪಾಠವನ್ನು ಒಂದೇ ಬೆಂಚಿನಲ್ಲಿ ಕೂತು ಓದುತ್ತಾರೆ. ನಮ್ಮಲ್ಲೂ ಆ ಹೆಸರು ಬಂತು. 1995ರಲ್ಲಿ ಪುದುಚೇರಿಯಲ್ಲಿ ಮೊದಲನೆಯದು, 2013ರ ಹೊತ್ತಿಗೆ ಯುಜಿಸಿಯ ಯೋಜನೆ. ಆದರೆ ಇಲ್ಲಿ ಅದು ಹೆಚ್ಚಾಗಿ ಕೈಕಸುಬಿನ, ಉದ್ಯೋಗ ಕೌಶಲದ ಕೋರ್ಸುಗಳ ಹೆಸರಾಯಿತು. ಮನೆಗೆ ಹತ್ತಿರ, ಶುಲ್ಕ ಕಡಿಮೆ, ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳ ಕಾಲೇಜು ಎಂಬ ಅರ್ಥದಲ್ಲಿ ಕರ್ನಾಟಕದ ನಿಜವಾದ ಸಮುದಾಯ ಕಾಲೇಜುಗಳು ಯಾವುವೆಂದರೆ ರಾಜ್ಯದ 430ರಷ್ಟಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ.

ಪಿಯಾಜೆಯ ವಿಚಾರದಲ್ಲಿ ಒಂದು ತಮಾಷೆಯಿದೆ. 1920ರ ಆಸುಪಾಸಿನಲ್ಲಿ ಆತ ಪ್ಯಾರಿಸ್ಸಿನಲ್ಲಿ, ಬುದ್ಧಿ ಪರೀಕ್ಷೆಗಳ ಜನಕ ಬಿನೆಯ ಸಹೋದ್ಯೋಗಿಯಾಗಿದ್ದ ಸೈಮನ್ ಬಳಿ ಮಕ್ಕಳ ಪರೀಕ್ಷೆ ನಡೆಸುವ ಕೆಲಸದಲ್ಲಿದ್ದ. ಸರಿ ಉತ್ತರ ಎಷ್ಟು ಎಂದು ಎಣಿಸಬೇಕಾದವನಿಗೆ ತಪ್ಪು ಉತ್ತರಗಳ ಮೇಲೆ ಕಣ್ಣು ಬಿತ್ತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಾರೆ. ಆ ತಪ್ಪಿನೊಳಗೆ ಅವರದೇ ಒಂದು ತರ್ಕವಿದೆ. ಅವನ ಜೀವಮಾನದ ಕೆಲಸ ಹುಟ್ಟಿದ್ದು ಅಲ್ಲಿಂದ. ಅಂಥವನನ್ನು ನಾವು ನಾಲ್ಕು ಆಯ್ಕೆಗಳಲ್ಲಿ ಸರಿ ಉತ್ತರ ಗುರುತಿಸುವ ಪ್ರಶ್ನೆಯಾಗಿ ಮಾಡಿಕೊಂಡಿದ್ದೇವೆ.

ಹಾಗೆ ನೋಡಿದರೆ ಈ ವಿದ್ಯೆ ಬಸರಾಳಿಗೆ ದೂರದ್ದಾಗಬೇಕಿರಲಿಲ್ಲ. ಭಾರತದಲ್ಲಿ ಮನೋವಿಜ್ಞಾನದ ಮೊದಲ ವಿಭಾಗ ತೆರೆದದ್ದು ಕಲ್ಕತ್ತದಲ್ಲಿ, 1916ರಲ್ಲಿ. ಎರಡನೆಯದು ಮೈಸೂರಿನಲ್ಲಿ, 1924ರಲ್ಲಿ. ಮಂಡ್ಯ ಜಿಲ್ಲೆ ಆಗಿನ್ನೂ ಹುಟ್ಟಿರಲಿಲ್ಲ. ಅದು ಬೇರೆಯಾದದ್ದು 1939ರಲ್ಲಿ. ಅಂದರೆ ಆ ವಿಭಾಗ ಶುರುವಾದಾಗ ಬಸರಾಳು ಮೈಸೂರು ಜಿಲ್ಲೆಯದೇ ಒಂದು ಹಳ್ಳಿ.

ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಘಟಾನುಘಟಿಯ ಶಿಷ್ಯರಾಗಿದ್ದವರು. ಎಲ್ಲ ಬಗೆಯ ಬುದ್ಧಿಯ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಶಕ್ತಿ ಇದೆ ಎಂದು ಲೆಕ್ಕಾಚಾರದ ಮೂಲಕ ತೋರಿಸಲು ಹೊರಟವನು ಸ್ಪಿಯರ್‌ಮನ್. ಅಂಥ ಗುರುವಿನ ಬಳಿ ಕಲಿತು ಬಂದವರು ಲೆಕ್ಕಾಚಾರದಲ್ಲೇ ಮುಳುಗಿರಬಹುದಿತ್ತು. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಪ್ರಯೋಗಾಲಯ ಕಟ್ಟಿದರು, ಬುದ್ಧಿ ಪರೀಕ್ಷೆಗಳನ್ನು ಇಲ್ಲಿನ ಭಾಷೆಗೆ ಒಗ್ಗಿಸಲು ಕೂತರು, ಮಕ್ಕಳ ಶಿಕ್ಷಣದ ಪ್ರಯೋಗಗಳಿಗೂ ಕೈಹಾಕಿದರು. ಆಮೇಲೆ, 1935ರ ಸೆಪ್ಟೆಂಬರ್ 10ರಂದು, ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಪ್ರಸಾರ ಶುರುಮಾಡಿದರು. ಅದೇ ಆಕಾಶವಾಣಿ. ಕೆಲವು ವರ್ಷ ಸ್ವಂತ ಹಣದಲ್ಲೇ ನಡೆಸಿದರು; 1942ರಲ್ಲಿ ಸಂಸ್ಥಾನ ವಹಿಸಿಕೊಂಡಿತು. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನೇ ತೊಟ್ಟುಕೊಂಡಿತು.

ಮನಶ್ಶಾಸ್ತ್ರದ ಮೇಷ್ಟರಿಗೂ ರೇಡಿಯೋಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಗಾಢವಾದದ್ದು. ಕಾಲೇಜಿನ ಗೋಡೆಯೊಳಗಿರುವ ಅರಿವನ್ನು ಅಕ್ಷರ ಬಾರದವರ ಕಿವಿಗೂ ಮುಟ್ಟಿಸುವುದು ಹೇಗೆಂಬುದು ಮನಸ್ಸನ್ನು ಓದಿದವನಿಗೇ ಮೊದಲು ಕಾಡಬೇಕಾದ ಪ್ರಶ್ನೆ. ಇಂದು ಮೈಸೂರು ಎಂದರೆ ಗೋಪಾಲಸ್ವಾಮಿಯವರ ರೇಡಿಯೋ ನೆನಪಾಗುತ್ತದೆ, ಅವರ ವಿಭಾಗ ನೆನಪಾಗುವುದಿಲ್ಲ. ನೂರು ವರ್ಷ ತುಂಬಿದ ವಿಭಾಗವೊಂದಕ್ಕೆ ಇದು ಅನ್ಯಾಯವೇ.

ಅದೇ ಕಾಲದಲ್ಲಿ ಉತ್ತರದಲ್ಲಿ ಇನ್ನೊಂದು ಕೆಲಸ ನಡೆದಿತ್ತು. ವಿ.ವಿ. ಕಾಮತ್ ಎಂಬ ವಿದ್ವಾಂಸರು ಬಿನೆಯ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು 1934ರಲ್ಲಿ ಹೊಂದಿಸಿದರು. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಆ ಪರೀಕ್ಷೆ ಹೀಗೆ ಕನ್ನಡ ಕಲಿಯಿತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಜಿಲ್ಲಾ ಆಸ್ಪತ್ರೆಗಳ ಬಾಗಿಲಲ್ಲಿ ಕಾಯುವ ಎಷ್ಟೋ ತಾಯಂದಿರಿಗೆ ತಮ್ಮ ಮಗುವಿನ ಮಾಸಾಶನ ನಿಂತಿರುವುದು ತೊಂಬತ್ತು ವರ್ಷ ಹಳೆಯ ಈ ಬಗೆಯ ಪ್ರಶ್ನೆಗಳ ಮೇಲೆ ಎಂಬುದು ತಿಳಿದಿರುವುದಿಲ್ಲ. ಪರೀಕ್ಷೆ ಹಳತಾಗಿದೆ, ಹೊಸ ಮಾನದಂಡಗಳು ಬೇಕು ಎಂಬ ಮಾತು ತಜ್ಞರ ವಲಯದಲ್ಲಿ ಬಹಳ ಕಾಲದಿಂದ ಇದೆ. ಹೊಸ ಮಾನದಂಡ ಬೇಕೆಂದರೆ ಹಳ್ಳಿಹಳ್ಳಿಯ ಮಕ್ಕಳನ್ನು ಕಂಡು ಮಾತಾಡಿಸಬೇಕು. ಅದನ್ನು ಮಾಡುವ ಕೈಗಳು ಎಲ್ಲಿಂದ ಬರಬೇಕು?

ಪಠ್ಯಪುಸ್ತಕದೊಳಗಿನ ಮಗುವಿನ ವಿಷಯಕ್ಕೆ ಬರೋಣ. ಅದು ಎಲ್ಲಿಯದು? ಪಿಯಾಜೆ ಅತ್ಯಂತ ಸೂಕ್ಷ್ಮವಾಗಿ ಗಮನಿಸಿದ್ದು ತನ್ನದೇ ಮೂವರು ಮಕ್ಕಳನ್ನು. ಹೆಸರಾಂತ ಪ್ರಯೋಗಗಳ ಮಕ್ಕಳು ಜಿನೀವಾ, ಲಂಡನ್, ಕ್ಯಾಲಿಫೋರ್ನಿಯಾದವರು. 2008ರಲ್ಲಿ ಅಮೆರಿಕದ ಜೆಫ್ರಿ ಆರ್ನೆಟ್ ಎಂಬ ಮನೋವಿಜ್ಞಾನಿ ತಮ್ಮ ದೇಶದ ಪ್ರಮುಖ ಮನೋವಿಜ್ಞಾನ ಪತ್ರಿಕೆಗಳನ್ನು ಜಾಲಾಡಿ ನೋಡಿದರು. ಅಧ್ಯಯನಕ್ಕೆ ಒಳಪಟ್ಟವರಲ್ಲಿ ಶೇ. 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರೇ ಆಗಿದ್ದರು. ಜಗತ್ತಿನ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲು ಶೇ. 12. ಹೀಗೆ ಸಿಕ್ಕ ಅರಿವಿಗೆ ಮನುಷ್ಯ ಸ್ವಭಾವ ಎಂದು ಹೆಸರಿಟ್ಟು ಬಸರಾಳಿನ ಕೂಸಿಗೆ ಅಳತೆಗೋಲಾಗಿ ಹಿಡಿಯುತ್ತೇವೆ.

ಎಲ್ಲವೂ ಸುಳ್ಳು ಎಂದು ಇದರ ಅರ್ಥವಲ್ಲ. ನೀರು ಸುರಿಯುವ ಪಿಯಾಜೆಯ ಪ್ರಯೋಗವನ್ನು ಯಾರು ಬೇಕಾದರೂ ಅಡುಗೆಮನೆಯಲ್ಲೇ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಲೋಟದಲ್ಲಿ ಸಮನಾಗಿ ನೀರು ತುಂಬಿ, ಒಂದರದನ್ನು ಉದ್ದನೆಯ ಸಪೂರ ಲೋಟಕ್ಕೆ ಮಗುವಿನ ಎದುರೇ ಸುರಿಯಿರಿ. ನಾಲ್ಕು ವರ್ಷದ ಮಗು ಉದ್ದ ಲೋಟದಲ್ಲೇ ಜಾಸ್ತಿ ಇದೆ ಎನ್ನುತ್ತದೆ. ಏಳೆಂಟರ ಮಗು ನಗುತ್ತದೆ. ಜಗತ್ತಿನ ಬಹುತೇಕ ಕಡೆ ಈ ದಾಟು ಕಾಣುತ್ತದೆ. ಯಾವ ವಯಸ್ಸಿಗೆ, ಯಾವ ವಸ್ತುವಿನಲ್ಲಿ ಎಂಬುದು ಮಾತ್ರ ಬದಲಾಗುತ್ತದೆ. 1969ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೆಕ್ಸಿಕೋದ ಕುಂಬಾರರ ಮಕ್ಕಳ ಮೇಲೆ ನಡೆದದ್ದು. ಉಂಡೆ ಮಾಡಿದರೂ ಉರುಳೆ ಮಾಡಿದರೂ ಮಣ್ಣು ಅಷ್ಟೇ ಎಂಬ ತಿಳಿವು ಬೇರೆ ಮಕ್ಕಳಿಗಿಂತ ಅವರಲ್ಲಿ ಬೇಗ ಮೂಡಿತ್ತು. ದಿನವೂ ಕೈ ಮಣ್ಣಾಡುವ ಮಕ್ಕಳು ಅವರು.

ಮಂಡ್ಯಕ್ಕೆ ಇದರಿಂದ ಏನು ಸಿಗುತ್ತದೆ ನೋಡಿ. ಆಲೆಮನೆಯ ಸುತ್ತ ಬೆಳೆಯುವ ಐಕ್ಳು ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವುದನ್ನು, ಪಾಕ ಬಂದದ್ದು ಅಚ್ಚಿಗೆ ಇಳಿಯುವುದನ್ನು, ಅದೇ ಪಾಕ ಉಂಡೆಯಾಗಿಯೂ ಅಚ್ಚುಬೆಲ್ಲವಾಗಿಯೂ ಹೊರಬರುವುದನ್ನು ನಡೆಯಲು ಕಲಿತಾಗಿನಿಂದ ಕಾಣುತ್ತಿರುತ್ತವೆ. ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬ ಅರಿವು ಅವುಗಳಿಗೆ ಬೇಗ ಬರುತ್ತದೆಯೇ? ಇಲ್ಲವೇ, ಕುದಿದು ಆವಿಯಾಗಿ ಕೊಪ್ಪರಿಗೆ ತುಂಬ ಇದ್ದದ್ದು ತಳಮಟ್ಟಕ್ಕೆ ಇಳಿಯುವುದನ್ನೂ ಕಂಡಿರುವ ಕಾರಣಕ್ಕೆ ಇನ್ನಷ್ಟು ಗೊಂದಲವಾಗುತ್ತದೆಯೇ? ಪದವಿ ಓದುವ ಹುಡುಗಿಯೊಬ್ಬಳು ಎರಡು ಲೋಟ, ಒಂದು ಬೆಲ್ಲದ ಪಾಕ ಹಿಡಿದು ಒಂದು ಸೆಮಿಸ್ಟರಿನಲ್ಲಿ ಉತ್ತರ ಹುಡುಕಬಹುದಾದ ಪ್ರಶ್ನೆ ಇದು. ಜಿನೀವಾದವರಿಗೆ ಇದು ಹೊಳೆಯುವಂಥದ್ದೇ ಅಲ್ಲ.

ತಾಯಿ–ಮಗುವಿನ ಬಾಂಧವ್ಯದ ಪಾಠದಲ್ಲೂ ಇಂಥದೇ ತಿರುವಿದೆ. ಮೇರಿ ಐನ್ಸ್‌ವರ್ತ್ ಹೆಸರು ಬಂದ ಕೂಡಲೇ ಗೈಡ್‌ಗಳು ಅಮೆರಿಕದ ಬಾಲ್ಟಿಮೋರಿನ ಪ್ರಯೋಗವನ್ನು ಹೇಳುತ್ತವೆ: ಅಪರಿಚಿತ ಕೋಣೆ, ತಾಯಿ ಎದ್ದು ಹೋಗುತ್ತಾಳೆ, ಹೊಸಬಳೊಬ್ಬಳು ಉಳಿಯುತ್ತಾಳೆ, ತಾಯಿ ಮರಳಿದಾಗ ಮಗು ಏನು ಮಾಡುತ್ತದೆ? ಆದರೆ ಐನ್ಸ್‌ವರ್ತ್ ಈ ಬಾಂಧವ್ಯವನ್ನು ಮೊದಲು ಕಣ್ಣಾರೆ ಕಂಡು ಬರೆದದ್ದು 1954–55ರಲ್ಲಿ ಉಗಾಂಡದ ಹಳ್ಳಿಗಳಲ್ಲಿ, ಮನೆಗಳೊಳಗೆ ಕೂತು. ಕೋಣೆಯ ಪ್ರಯೋಗ ಬಂದದ್ದು ಆಮೇಲೆ. ಬಸರಾಳಿನ ಕಡೆಯ ತೊಟ್ಟಿಮನೆಯಲ್ಲೋ ವಠಾರದಲ್ಲೋ ಬೆಳೆಯುವ ಕೂಸು ಅಜ್ಜಿಯ ಮಡಿಲಿನಿಂದ ಅತ್ತೆಯ ಸೊಂಟಕ್ಕೆ, ಅಲ್ಲಿಂದ ಪಕ್ಕದ ಮನೆಯ ಹುಡುಗಿಯ ಕಂಕುಳಿಗೆ ದಾಟುತ್ತಿರುತ್ತದೆ. ಅದನ್ನು ಖಾಲಿ ಕೋಣೆಯಲ್ಲಿ ಹೊಸಬಳೊಂದಿಗೆ ಬಿಟ್ಟರೆ ಸಿಗುವ ಅಳುವನ್ನು ಹೇಗೆ ಓದಬೇಕು? ಜಪಾನಿನಲ್ಲಿ ಇದೇ ಪ್ರಶ್ನೆ ಎದ್ದು ದೊಡ್ಡ ಚರ್ಚೆಯಾಯಿತು, ಏಕೆಂದರೆ ಅಲ್ಲಿನ ಮಕ್ಕಳಿಗೆ ತಾಯಿ ಮರೆಯಾಗುವುದೇ ಅಪರೂಪದ ಅನುಭವವಾಗಿತ್ತು.

ಕನ್ನಡದ ಮಗುವನ್ನು ಕನ್ನಡದ ಮಗುವಾಗಿಯೇ ನೋಡಿದರೆ ಏನು ಕಾಣುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ಓದು ಕಲಿಯುವ ಸಂಶೋಧನೆಯಲ್ಲಿದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಮಕ್ಕಳು ಅಕ್ಷರಗಳನ್ನು ಹೇಗೆ ವಶಮಾಡಿಕೊಳ್ಳುತ್ತಾರೆ ಎಂಬುದನ್ನು ತರಗತಿಯಿಂದ ತರಗತಿಗೆ ಹಿಂಬಾಲಿಸಿತು. ಇಂಗ್ಲಿಷಿನ ಮಗುವಿಗೆ 26 ಅಕ್ಷರಗಳ ಆಕಾರ ಮೊದಲ ವರ್ಷದಲ್ಲೇ ಮುಗಿಯುತ್ತದೆ. ಕನ್ನಡದ ಮಗುವಿಗೆ ಮೂಲಾಕ್ಷರ ಕಲಿತರೆ ಅರ್ಧ ದಾರಿಯೂ ಆಗಿರುವುದಿಲ್ಲ. ಕಾಗುಣಿತದ ಸಾಲುಗಳನ್ನು ಸೇರಿಸಿದರೆ ಲೆಕ್ಕ ನಾಲ್ಕು ನೂರು ದಾಟುತ್ತದೆ, ಒತ್ತಕ್ಷರಗಳು ಬೇರೆ. ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ಅದರಾಚೆಗೂ ನಡೆಯುತ್ತಲೇ ಇರುತ್ತದೆ ಎಂದು ಆ ಅಧ್ಯಯನ ತೋರಿಸಿತು. ಒಂದೊಂದು ಸ್ವರ–ವ್ಯಂಜನವನ್ನು ಬಿಡಿಸಿ ಕೇಳುವ ಕಿವಿ ನಿಧಾನವಾಗಿ ಬರುತ್ತದೆ. ಅಕ್ಷರವನ್ನು ಇಡಿಯಾಗಿ ಹಿಡಿಯುವ ಕಿವಿ ಬೇಗ ಬರುತ್ತದೆ.

ಇದನ್ನು ಯಾವ ಶಾಲೆಯಲ್ಲೂ ಪರೀಕ್ಷಿಸಬಹುದು. ಎರಡನೆಯ ತರಗತಿಯ ಮಗುವಿಗೆ ‘ಕಮಲ’ ಎಂಬ ಪದ ಹೇಳಿ, ಮೊದಲ ಅಕ್ಷರ ತೆಗೆದರೆ ಏನುಳಿಯುತ್ತದೆ ಎಂದು ಕೇಳಿ. ‘ಮಲ’ ಎಂದು ಹೇಳಿ ಕಿಸಕ್ಕನೆ ನಗುತ್ತದೆ. ‘ಕ್’ ಎಂಬ ಸದ್ದನ್ನಷ್ಟೇ ತೆಗೆದು ‘ಅಮಲ’ ಎನ್ನಿಸುವುದು ಅಷ್ಟು ಸುಲಭವಲ್ಲ. ಎರಡನೆಯದನ್ನು ಮಾಡಲಾಗದ ಮಗುವಿಗೆ ಇಂಗ್ಲಿಷ್ ಪುಸ್ತಕದ ಪ್ರಕಾರ ಓದಿನ ತೊಂದರೆಯಿದೆ ಎಂದು ಚೀಟಿ ಅಂಟಿಸಿದರೆ ಅದು ಮಗುವಿನ ತಪ್ಪಲ್ಲ, ಪುಸ್ತಕದ ತಪ್ಪು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಓದು, ಮಾತು, ತೊದಲುಗಳ ಬಗ್ಗೆ ದಶಕಗಳಿಂದ ಕೆಲಸ ನಡೆದಿದೆ. ಅದರ ಎಷ್ಟು ಪಾಲು ಹಳ್ಳಿ ಶಾಲೆಯ ಮೇಷ್ಟರಿಗೆ ತಲುಪುತ್ತದೆ ಎಂದು ಕೇಳಿದರೆ, ಟಿಇಟಿ ಗೈಡ್‌ಗಳ ಪುಟಗಳೇ ಉತ್ತರ ಹೇಳುತ್ತವೆ.

ಮಾನವ ವಿಕಾಸಕ್ಕೆ ಈ ಸೀಮೆಯಲ್ಲಿ ಪ್ರಯೋಗಾಲಯ ಇಲ್ಲ ಎನ್ನುವವರು ಅಂಗನವಾಡಿಯ ಕಡೆ ತಿರುಗಿ ನೋಡಿರುವುದಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಯೋಗವಾಗಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮಳವಳ್ಳಿಯ ಪಕ್ಕದ ತಾಲ್ಲೂಕು ತಿ. ನರಸೀಪುರ. ಇಂದು ರಾಜ್ಯದಲ್ಲಿ 69 ಸಾವಿರದಷ್ಟು ಅಂಗನವಾಡಿಗಳಿವೆ. ಪ್ರತಿಯೊಂದರಲ್ಲೂ ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳ ತೂಕ, ಎತ್ತರ, ಲಸಿಕೆಗಳ ದಾಖಲೆಯಿದೆ. ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂದ ಮೇಲೆ ಕಾರ್ಯಕರ್ತೆಯ ಬೆರಳು ಮಗುವಿನ ತಲೆ ಸವರುವುದಕ್ಕಿಂತ ಹೆಚ್ಚು ಹೊತ್ತು ಮೊಬೈಲ್ ಸವರುತ್ತದೆ ಎಂಬ ದೂರೂ ಇದೆ. ಈಚೆಗೆ ಕೇಂದ್ರ ಸರ್ಕಾರ ‘ಪೋಷಣ್ ಭೀ ಪಢಾಯಿ ಭೀ’ ಹೆಸರಿನಲ್ಲಿ ಕಾರ್ಯಕರ್ತೆಯರಿಗೆ ಶಾಲಾಪೂರ್ವ ಕಲಿಕೆಯ ತರಬೇತಿ ಶುರುಮಾಡಿದೆ. ಹುಟ್ಟಿನಿಂದ ಮೂರು ವರ್ಷದವರೆಗೆ ‘ನವಚೇತನ’, ಮೂರರಿಂದ ಆರರವರೆಗೆ ‘ಆಧಾರಶಿಲಾ’ ಎಂಬ ಚೌಕಟ್ಟುಗಳಿವೆ.

ಇನ್ನೂ ಹತ್ತಿರದ ಪಠ್ಯಪುಸ್ತಕ ಪ್ರತಿ ಬಾಣಂತಿಯ ಮನೆಯಲ್ಲಿದೆ. ತಾಯಿ ಕಾರ್ಡ್. ಲಸಿಕೆಯ ತಾರೀಖಿಗೆಂದು ಮಾತ್ರ ಅದನ್ನು ತೆಗೆಯುವುದು ರೂಢಿ. ಆದರೆ ಅದರೊಳಗೆ ಮಗು ಯಾವ ತಿಂಗಳಿಗೆ ಕತ್ತು ನಿಲ್ಲಿಸಬೇಕು, ಯಾವಾಗ ಕೂರಬೇಕು, ಯಾವಾಗ ಮಾತಿಗೆ ತಿರುಗಬೇಕು ಎಂದು ಚಿತ್ರಸಮೇತ ಕೊಟ್ಟಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದ್ದು, ಅದರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಬೆಳವಣಿಗೆಯ ವಿಳಂಬವನ್ನೂ ತಪಾಸಣೆ ಮಾಡಬೇಕು. ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’ ಎಂಬ ಸಮಾಧಾನದ ಮಾತಿಗೂ ಈ ತಪಾಸಣೆಗೂ ನಡುವೆ ಕಳೆದುಹೋಗುವ ಒಂದೆರಡು ವರ್ಷ ಕಿವಿ ಕೇಳದ ಮಗುವಿಗೆ ತುಂಬ ದುಬಾರಿ. ಮಾತು ಕಲಿಯುವ ಕಾಲ ಅದೇ. ಊರಿನ ಕಾಲೇಜಿನಲ್ಲಿ ಮಾನವ ವಿಕಾಸ ಓದಿದ ಹತ್ತು ಹುಡುಗಿಯರಿದ್ದರೆ ಆ ಕಾರ್ಡಿನ ಪುಟವನ್ನು ಅಜ್ಜಿಗೆ ಓದಿ ಹೇಳುವವರು ಹತ್ತು ಮನೆಗಳಲ್ಲಾದರೂ ಇರುತ್ತಾರೆ.

ಹಾಗೆ ಓದುವವರು ಕಹಿ ಪುಟಗಳನ್ನೂ ತಿರುವಬೇಕಾಗುತ್ತದೆ. ಮಾನವ ವಿಕಾಸದ ಪುಸ್ತಕಗಳಲ್ಲಿ ಮೊದಲ ಅಧ್ಯಾಯ ಗರ್ಭಾವಸ್ಥೆಯದು. 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಹೆಣ್ಣು ಭ್ರೂಣ ಪತ್ತೆ ಮತ್ತು ಹತ್ಯೆಯ ಜಾಲದಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ. ಲಿಂಗ ಪತ್ತೆ ನಿಷೇಧ ಕಾಯ್ದೆ ಬಂದದ್ದು 1994ರಲ್ಲಿ. ಕಾನೂನು ಗೊತ್ತಿಲ್ಲದೆ ಇದು ನಡೆಯಲಿಲ್ಲ. ಎರಡನೆಯದೂ ಹೆಣ್ಣಾದರೆ ಎಂಬ ಭಯ, ಅತ್ತೆಯ ಮೌನ, ಜಮೀನಿನ ಪಾಲು, ಮದುವೆಯ ಖರ್ಚು, ಇವೆಲ್ಲ ಕೂಡಿ ಒಬ್ಬ ಹೆಣ್ಣುಮಗಳನ್ನು ಆ ಆಲೆಮನೆಯ ಬಾಗಿಲಿಗೆ ಹೇಗೆ ಕರೆತಂದವು ಎಂಬುದು ಪೊಲೀಸ್ ವರದಿಯಲ್ಲಿ ಸಿಗುವುದಿಲ್ಲ. ಸಾಮಾಜಿಕ ಮನೋವಿಜ್ಞಾನ ಎಂಬ ಶಾಖೆ ಇರುವುದು ಇಂಥ ಪ್ರಶ್ನೆಗಳಿಗಾಗಿ. ಮಂಡ್ಯದಲ್ಲಿ ಅದನ್ನು ಕಲಿಸದೆ ಇನ್ನೆಲ್ಲಿ ಕಲಿಸಬೇಕು?

ಹೆರಿಗೆಯ ನಂತರದ ಕಥೆಯೂ ಇದೆ. ಬಾಣಂತಿ ಸನ್ನಿ ಎಂದು ಹಳ್ಳಿಗಳಲ್ಲಿ ಹೆಸರಿರುವ, ಗಾಳಿ ಸೋಕಿದೆ ಎಂದು ತಾಯತಕ್ಕೆ ಓಡಿಸುವ ಕಾಯಿಲೆಯನ್ನು ಕನ್ನಡದ ಮನೆಮನೆಗೆ ಅರ್ಥಮಾಡಿಸಿದವರು ಡಾಕ್ಟರೂ ಅಲ್ಲ, ಸರ್ಕಾರವೂ ಅಲ್ಲ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರವನ್ನು ನೆಲೆಗೊಳಿಸಿದ ಅದೇ ಮಹಾರಾಜ ಕಾಲೇಜಿನಲ್ಲಿ ಆ ವಿಷಯ ಓದಿ ಪದವಿ ಪಡೆದ ಅನಸೂಯಾ, ಅಂದರೆ ಕಾದಂಬರಿಕಾರ್ತಿ ತ್ರಿವೇಣಿ. ಅವರ ‘ಶರಪಂಜರ’ ಕಾದಂಬರಿಯ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮರಳುತ್ತಾಳೆ, ಮನೆಯವರ ಅನುಮಾನ ಗುಣವಾಗುವುದಿಲ್ಲ. 1970ರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಕಲ್ಪನಾ ನಟನೆಗೆ ಕಣ್ಣೀರಿಟ್ಟವರ ಸಂಖ್ಯೆಗೆ ಲೆಕ್ಕವಿಲ್ಲ. ತ್ರಿವೇಣಿ ಅದನ್ನು ನೋಡಲಿಲ್ಲ. 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, 34ರ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು. ಒಂದು ಬಿ.ಎ. ಪದವಿಯ ಮನೋವಿಜ್ಞಾನದಿಂದ ಏನಾಗುತ್ತದೆ ಎಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಆದರೂ ಪೋಷಕರ ಪ್ರಶ್ನೆ ಬೇರೆ ಇರುತ್ತದೆ: ಓದಿದರೆ ಕೆಲಸ ಸಿಗುತ್ತದಾ? ನೇರವಾಗಿ ಹೇಳುವುದಾದರೆ ಬರೀ ಬಿ.ಎ.ಯಿಂದ ಮನೋಚಿಕಿತ್ಸಕರಾಗಲು ಸಾಧ್ಯವಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ಮನ್ನಣೆಯ ತರಬೇತಿ ಮುಗಿಸಿ ಅಲ್ಲಿ ನೋಂದಾಯಿಸಿಕೊಳ್ಳಬೇಕು. ಸರಿಯಾದ ಕಟ್ಟಳೆಯೇ. ಅರ್ಧ ಓದಿದ ಮನೋವಿಜ್ಞಾನ ಅಪಾಯದ್ದು. ಮೂರು ಪಾಠ ಕೇಳಿದವರು ಕೂತಲ್ಲಿ ಕೂರದ ಹುಡುಗನಿಗೆಲ್ಲ ಎಡಿಎಚ್‌ಡಿ ಎಂದು ಹೆಸರಿಟ್ಟುಬಿಡುತ್ತಾರೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಒಮ್ಮೆ ಅಂಟಿದ ಹೆಸರು ಮದುವೆ ಮಾತುಕತೆಯವರೆಗೂ ಹಿಂಬಾಲಿಸುತ್ತದೆ.

ಆದರೆ ತಜ್ಞರಲ್ಲದವರೂ ಮಾಡಬಹುದಾದ ಕೆಲಸ ದೊಡ್ಡದಿದೆ ಎಂಬುದನ್ನು ಇದೇ ರಾಜ್ಯ ತೋರಿಸಿಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಅಲ್ಪಾವಧಿ ತರಬೇತಿ ಕೊಟ್ಟು ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಇಳಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದೇ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಚಿಕಿತ್ಸಾಲಯ, 2022ರ ಅಕ್ಟೋಬರಿನಿಂದ ಇರುವ ಟೆಲಿ ಮಾನಸ್ ಸಹಾಯವಾಣಿ 14416, ಇವೆಲ್ಲ ಈಗ ಇವೆ. 2015ರಲ್ಲಿ ಕಬ್ಬಿನ ಬಾಕಿ, ಸಾಲದ ನಡುವೆ ಮಂಡ್ಯದ ರೈತರು ಸಾಲುಸಾಲಾಗಿ ಪ್ರಾಣ ಕಳೆದುಕೊಂಡಾಗ ಟೆಲಿ ಮಾನಸ್ ಇರಲಿಲ್ಲ. ಇಂದಿಗೂ ಆ ಸಂಖ್ಯೆಯನ್ನು ಒತ್ತುವ ಮೊದಲು ‘ಫೋನ್ ಮಾಡಣ ಬಾ’ ಎನ್ನುವ ಒಬ್ಬ ಮನುಷ್ಯ ಪಕ್ಕದಲ್ಲಿ ಬೇಕು. ಸಾಲ ತೀರಿಸುವುದು ಮನೋವಿಜ್ಞಾನದ ಕೆಲಸವಲ್ಲ, ಅದನ್ನು ಅದರ ತಲೆಗೆ ಕಟ್ಟುವುದೂ ಸಲ್ಲ. ಮಾತು ಕಡಿಮೆ ಮಾಡಿದವನನ್ನು, ಊಟ ಬಿಟ್ಟವನನ್ನು, ಇದ್ದಕ್ಕಿದ್ದಂತೆ ಎಲ್ಲರ ಮನೆಗೂ ಹೋಗಿ ಮಾತಾಡಿಸಿಕೊಂಡು ಬರುವವನನ್ನು ಗಮನಿಸುವ ಕಣ್ಣನ್ನು ಮಾತ್ರ ಕಲಿಸಬಹುದು.

ಬಸರಾಳಿಗೆ ಬಂದವರು ಮಲ್ಲಿಕಾರ್ಜುನ ದೇವಸ್ಥಾನ ನೋಡದೆ ಹೋಗುವುದಿಲ್ಲ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ್ದು. ಗೋಡೆಯ ಮೇಲೆ ಕೈಲಾಸವೆತ್ತುವ ರಾವಣ, ಮತ್ಸ್ಯಯಂತ್ರ ಭೇದಿಸಿದ ಅರ್ಜುನ, ಹಾರ ಹಿಡಿದು ಧಾವಿಸುವ ದ್ರೌಪದಿ. ಮನೋವಿಜ್ಞಾನದ ತರಗತಿಗೆ ಇದೂ ಪ್ರಯೋಗದ ಸಾಮಗ್ರಿಯೇ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ ತನ್ನ ವಿದ್ಯಾರ್ಥಿಗಳಿಗೆ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿಸಿ, ದಿನಗಳ, ತಿಂಗಳುಗಳ ಅಂತರದಲ್ಲಿ ನೆನಪಿನಿಂದ ಬರೆಯಿಸಿದ. ಅರ್ಥವಾಗದ ಭಾಗಗಳು ಉದುರಿಹೋದವು, ಗೊತ್ತಿರುವ ವಿಷಯಗಳು ಬಂದು ಸೇರಿದವು. ದೋಣಿಯ ಬಗೆ ಕೂಡ ಇಂಗ್ಲಿಷರದ್ದಾಯಿತು. 1932ರ ಅವನ ಪುಸ್ತಕದ ತಿರುಳು ಇಷ್ಟು: ನೆನಪು ಎಂದರೆ ಇಟ್ಟದ್ದನ್ನು ಹಾಗೇ ತೆಗೆಯುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು. ಈ ಗೋಡೆಯ ಒಂದು ಪಟ್ಟಿಕೆಯನ್ನು ಊರಿನ ಅಜ್ಜಿಗೆ, ಐದನೆಯ ತರಗತಿಯ ಹುಡುಗನಿಗೆ, ಬೆಂಗಳೂರಿನಿಂದ ಬಂದ ಪ್ರವಾಸಿಗೆ ತೋರಿಸಿ ವಾರದ ನಂತರ ಕೇಳಿದರೆ ಮೂರು ಬೇರೆ ಮಹಾಭಾರತಗಳು ಸಿಗುವುದು ಖಂಡಿತ. ಅಜ್ಜಿಯದರಲ್ಲಿ ಊರಹಬ್ಬದ ನಾಟಕದ ಅರ್ಜುನ ಬಂದಿರುತ್ತಾನೆ, ಹುಡುಗನದರಲ್ಲಿ ಟಿವಿಯವನು.

ಇಷ್ಟೆಲ್ಲ ಇದ್ದೂ ದಾರಿ ಈಚೆಗೆ ಇನ್ನಷ್ಟು ಕಿರಿದಾಗಿದೆ. ಮನೆಯಲ್ಲೇ ಇದ್ದು ಮನೋವಿಜ್ಞಾನ ಓದಬೇಕೆನ್ನುವವರಿಗೆ ದೂರ ಶಿಕ್ಷಣ ಒಂದು ಬಾಗಿಲಾಗಿತ್ತು. 2025ರ ಆಗಸ್ಟಿನಲ್ಲಿ ಯುಜಿಸಿ ಆರೋಗ್ಯ ಸಂಬಂಧಿ ವಿಷಯಗಳ ಜೊತೆಗೆ ಮನೋವಿಜ್ಞಾನವನ್ನೂ ಸೇರಿಸಿ, ಅದೇ ಸಾಲಿನ ಪ್ರವೇಶದಿಂದ ದೂರ ಮತ್ತು ಆನ್‌ಲೈನ್ ಮಾದರಿಯಲ್ಲಿ ಕಲಿಸಬಾರದೆಂದು ಆದೇಶಿಸಿತು. 2021ರ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಇದಕ್ಕೆ ಆಧಾರ. ಪ್ರಾಯೋಗಿಕ ತರಬೇತಿಯಿಲ್ಲದೆ ಮನಸ್ಸಿನ ವಿದ್ಯೆ ಕಲಿಸಬಾರದು ಎಂಬ ವಾದದಲ್ಲಿ ತಿರುಳಿದೆ. ಆದರೆ ಪೇಟೆಯ ಹುಡುಗಿಗೆ ಒಂದು ಆಯ್ಕೆ ಕಡಿಮೆಯಾದರೆ, ಬಸರಾಳಿನವಳಿಗೆ ಇದ್ದ ಆಯ್ಕೆಯೇ ಹೋಯಿತು. ರಾಷ್ಟ್ರೀಯ ಶಿಕ್ಷಣ ನೀತಿ ರಾಜ್ಯದಲ್ಲಿ ಜಾರಿಯಲ್ಲಿದ್ದ 2021ರಿಂದ 2024ರವರೆಗಿನ ಮೂರು ಸಾಲುಗಳಲ್ಲಿ ಬೇರೆ ವಿಭಾಗದವರೂ ಮುಕ್ತ ಐಚ್ಛಿಕವಾಗಿ ಇಂಥ ವಿಷಯ ಆರಿಸಿಕೊಳ್ಳುವ ಅವಕಾಶ ಕಾಗದದ ಮೇಲಾದರೂ ಇತ್ತು, ಕಲಿಸುವವರಿದ್ದ ಕಾಲೇಜುಗಳಲ್ಲಿ.

ಕಲಿಸುವವರಿದ್ದರೆ ಎಂಬಲ್ಲಿಗೇ ಎಲ್ಲವೂ ಬಂದು ನಿಲ್ಲುತ್ತದೆ. ಹಳ್ಳಿಯ ಕಾಲೇಜೊಂದರಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆಯಲು ಬೇಕಾದ ಸಾಮಾನು ಹೆಚ್ಚಿಲ್ಲ: ಎರಡು ಲೋಟ, ಒಂದಿಷ್ಟು ಜೇಡಿಮಣ್ಣು, ಒಂದು ಸ್ಟಾಪ್‌ವಾಚ್, ತಾಯಿ ಕಾರ್ಡಿನ ಪ್ರತಿಗಳು, ಅಂಗನವಾಡಿಗೆ ವಾರಕ್ಕೊಂದು ಮಧ್ಯಾಹ್ನ ಹೋಗಲು ಅನುಮತಿ, ಮಕ್ಕಳ ತಂದೆತಾಯಿಯ ಒಪ್ಪಿಗೆ ಪತ್ರ. ದುಬಾರಿಯಾದದ್ದು ಒಂದೇ, ಉಪನ್ಯಾಸಕರ ಹುದ್ದೆ. ಹೊಸ ವಿಷಯಕ್ಕೆ ವಿದ್ಯಾರ್ಥಿಗಳು ಬರುತ್ತಾರೆ ಎಂದು ತೋರಿಸಿದರೆ ಹುದ್ದೆ. ಹುದ್ದೆಯಲ್ಲಿ ಒಬ್ಬರು ಕೂತ ಮೇಲಷ್ಟೇ ವಿದ್ಯಾರ್ಥಿಗಳು. ಅತಿಥಿ ಉಪನ್ಯಾಸಕರನ್ನು ನೆಚ್ಚಿ ನಡೆಯುವ ಕಾಲೇಜುಗಳಲ್ಲಿ ಈ ಗಂಟನ್ನು ಬಿಚ್ಚುವವರು ಪ್ರಾಂಶುಪಾಲರೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಕಡತ ಹೋಗಬೇಕಾದದ್ದು ಬೆಂಗಳೂರಿನ ಆರ್ಥಿಕ ಇಲಾಖೆಗೆ.